ಅಕ್ಕನ ಗೆರೆಗಳು

ಮಧ್ಯಾಹ್ನ ಹಾಸನದಲ್ಲಿ ಜೋರು ಮಳೆ, ಕರೆಂಟಿಲ್ಲ. ಅಟ್ಟದ ಟ್ರಂಕಲ್ಲಿ ಅಕ್ಕನ ಹಳೇ 'ಆ್ಯನ್ ಆಫ್ ಗ್ರೀನ್ ಗೇಬಲ್ಸ್' ಸಿಕ್ತು.

1908ರ ಪುಸ್ತಕ. ಹೊಲದ ಕೆಲಸಕ್ಕೆ ಗಂಡು ಹುಡುಗ ಬೇಕು ಅಂತ ಹೇಳಿಕಳಿಸಿದ್ದ ಅಣ್ಣ-ತಂಗಿ ಮನೆಗೆ ತಪ್ಪಿ ಬಂದ ಅನಾಥ ಹುಡುಗಿ ಕಥೆ.

ಅಲ್ಲಲ್ಲಿ ಪೆನ್ಸಿಲ್ ಗೆರೆ. ಆಸೆ, ಕನಸು ಅಂತ ಬಂದಲ್ಲೆಲ್ಲ ತೆಳ್ಳಗೆ. ಕೊನೆ ಹತ್ತಿರ ಮಾತ್ರ, ಡಜನ್ ಗಂಡು ಹುಡುಗರಿಗಿಂತ ನೀನೇ ನಂಗೆ ಹೆಚ್ಚು ಅಂತ ಆ ಮನೆಯ ಅಣ್ಣ, ಮುದುಕ ಮ್ಯಾಥ್ಯೂ, ಅವಳಿಗೆ ಹೇಳೋ ಕಡೆ, ಎರಡು ಗೆರೆ. ಕಾಗದ ತೂತಾಗೋ ಹಾಗೆ ಒತ್ತಿ.

ಅಕ್ಕ ನಮ್ಮ ದೊಡ್ಡಪ್ಪನ ಸಾಕು ಮಗಳು. ಮನೇಲಿ ಯಾರೂ ಆ ಮಾತೆತ್ತಲ್ಲ, ಊರವರು ಬಿಡಲ್ಲ. 'ಸಾಕು' ಅನ್ನೋ ಪದಾನೇ ನೋಡಿ. ಸಲಹು ಅಂತಲೂ ಹೌದು, ಇನ್ನು ಬೇಡ ಅಂತಲೂ ಹೌದು.

ಹಾಸನಾಂಬೆ ಹುಂಡೀಲಿ ಹರಕೆ ಚೀಟಿ ಸಿಕ್ಕಿದ್ದು ಪೇಪರಲ್ಲಿ ಬರುತ್ತಲ್ಲ, ಓದಿ ನಗ್ತೀವಿ. ಅಕ್ಕನೂ ಒಂದ್ಸಲ ಹಾಕಿದ್ಲು. ಏನ್ ಬರೆದೆ ಅಂದ್ರೆ "ಪಾಸಾಗ್ಲಿ ಅಂತ ಕಣೋ" ಅಂದಿದ್ಲು.

ಸಂಜೆ ಫೋನ್ ಮಾಡಿ ಪುಸ್ತಕ ಸಿಕ್ತು ಅಂದೆ.

"ಗೆದ್ದಲು ಹಿಡಿದಿಲ್ವಾ?"

ಇಲ್ಲ ಅಂದೆ. ಗೆರೆ ವಿಷಯ ಕೇಳಕ್ಕೆ ಧೈರ್ಯ ಬರಲಿಲ್ಲ.