ಆಬರ್ನ್‌ಗೆ ಡ್ಯೂಸೆನ್‌ಬರ್ಗ್ ನೋಡಲು ಹೋಗುವವರಿಗೆ: ಸೆಪ್ಟೆಂಬರ್ ಮೊದಲ ವಾರಾಂತ್ಯ ಬೇಡ

ಇಂಡಿಯಾನಾ ರಾಜ್ಯದ ಆಬರ್ನ್ ಊರಿಗೆ ಹೊರಡುವ ಮುಂಚೆ ಒಂದು ವಿಷಯ ಗೊತ್ತಿರಲಿ. ಅಮೆರಿಕದ ಹಳೆಯ ಐಷಾರಾಮಿ ಕಾರು ಡ್ಯೂಸೆನ್‌ಬರ್ಗ್ ತಯಾರಾಗುತ್ತಿದ್ದದ್ದು ಅಲ್ಲಲ್ಲ, ಇಂಡಿಯಾನಾಪೊಲಿಸ್‌ನಲ್ಲಿ. ಅಲ್ಲಿನ ವೆಸ್ಟ್ ವಾಷಿಂಗ್ಟನ್ ರಸ್ತೆಯ ಕಾರ್ಖಾನೆ ಜಾಗ ಈಗ ಸಿಟಿ ಬಸ್ಸುಗಳ ಡಿಪೊ. ಅದನ್ನು ಹುಡುಕಿಕೊಂಡು ಹೋಗಿ ಅರ್ಧ ದಿನ ಕಳೆಯಬೇಡಿ. ಆಬರ್ನ್‌ನಲ್ಲಿರುವುದು ಸೋದರ ಕಂಪನಿ ಆಬರ್ನ್ ಆಟೊಮೊಬೈಲ್‌ನ 1930ರ ಮುಖ್ಯ ಕಚೇರಿ ಮತ್ತು ಷೋರೂಂ. 1974ರಿಂದ ಅದು ಮ್ಯೂಸಿಯಂ. ಇ. ಎಲ್. ಕಾರ್ಡ್ ಎಂಬ ವ್ಯಾಪಾರಿ 1926ರಲ್ಲಿ ಡ್ಯೂಸೆನ್‌ಬರ್ಗ್ ಕೊಂಡು ಎರಡನ್ನೂ ಒಂದೇ ಮಾಲೀಕತ್ವಕ್ಕೆ ತಂದಿದ್ದರಿಂದ ಕಾರುಗಳು ಇಲ್ಲಿ ಸೇರಿವೆ.

ಶಿಕಾಗೊದಿಂದ ಕಾರಿನಲ್ಲಿ ಮೂರು ಗಂಟೆಯ ಮೇಲಾಗುತ್ತದೆ. ಆದರೆ ದಾರಿಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುವುದರಿಂದ ಬೆಳಗ್ಗೆ 8ಕ್ಕೆ ಹೊರಟರೂ ಮುಟ್ಟುವಾಗ ಮಧ್ಯಾಹ್ನ. 7ಕ್ಕೇ ಹೊರಡಿ. ರೈಲು ಬೇಕೆಂದರೆ ಪಕ್ಕದ ವಾಟರ್ಲೂ ನಿಲ್ದಾಣವಿದೆ, ಆದರೆ ಗಾಡಿಗಳು ಬರುವುದು ರಾತ್ರಿ ಇಲ್ಲವೇ ನಸುಕಿನಲ್ಲಿ. ಆ ಹೊತ್ತಿಗೆ ಟ್ಯಾಕ್ಸಿ ಸಿಗುತ್ತದೆಂದು ನಂಬಬೇಡಿ. ಮನೆಯ ಹಿರಿಯರು ಜೊತೆಗಿದ್ದರಂತೂ ರೈಲಿನ ಯೋಚನೆಯೇ ಬೇಡ.

ಸೆಪ್ಟೆಂಬರ್ ಮೊದಲ ಸೋಮವಾರ ಕಾರ್ಮಿಕರ ದಿನದ ರಜೆ. ಆ ವಾರಾಂತ್ಯ ಆಬರ್ನ್‌ನಲ್ಲಿ ಹಳೆ ಕಾರುಗಳ ಹಬ್ಬ. ಕಾರುಗಳು ಮೆರವಣಿಗೆಯಲ್ಲಿ ಬಂದು ಕೋರ್ಟು ಕಟ್ಟಡದ ಸುತ್ತ ನಿಲ್ಲುತ್ತವೆ, ಬಾನೆಟ್ ಎತ್ತಿ ಎಂಜಿನ್ ತೋರಿಸುತ್ತಾರೆ, ಹಳೆ ಕಾರುಗಳ ಹರಾಜೂ ಇರುತ್ತದೆ. ಓಡುವ ಡ್ಯೂಸೆನ್‌ಬರ್ಗ್ ಸದ್ದು ಕೇಳಲೇಬೇಕು ಎನ್ನುವವರು ಆಗಲೇ ಹೋಗಬೇಕು. ಮಿಕ್ಕವರಿಗೆ ಆ ಜನಜಂಗುಳಿ, ಆ ರೂಂ ಬಾಡಿಗೆ ಯಾವುದೂ ಬೇಡ. ಹೆದ್ದಾರಿ ಪಕ್ಕದ ಒಂದು ಸಾಧಾರಣ ಮೋಟೆಲ್ ಮಾಮೂಲಿ ದಿನದ ಮೂರರಷ್ಟು ಬಾಡಿಗೆ ಕೇಳುತ್ತದೆ. ಮೂರು ರಾತ್ರಿ ಕಡ್ಡಾಯ, ರದ್ದು ಮಾಡಿದರೆ ಹಣ ವಾಪಸ್ಸಿಲ್ಲ. ಕೋಣೆಯಲ್ಲಿ ಸಿಗರೇಟಿನ ವಾಸನೆ, ಬೆಳಗಿನ ತಿಂಡಿಗೆ ಒಣ ಬನ್ನು. ಆ ದರಕ್ಕೆ ಅದು ಹಗಲುದರೋಡೆಯೇ ಸರಿ. ಹಬ್ಬಕ್ಕೆ ಹೋಗಲೇಬೇಕಿದ್ದರೆ 40 ಕಿ.ಮೀ. ದಕ್ಷಿಣದ ಫೋರ್ಟ್ ವೇನ್‌ನಲ್ಲಿ ಉಳಿದು ಬೆಳಗ್ಗೆ ಬನ್ನಿ.

ಮ್ಯೂಸಿಯಂ ಒಳಗೆ ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ. ಕೆಳಗಿನ ಷೋರೂಂನಲ್ಲಿ ಎಲ್ಲರೂ ಫೋಟೊ ತೆಗೆಯುತ್ತಾ ನಿಂತುಬಿಡುತ್ತಾರೆ, ಮಹಡಿಯ ಮೇಲಿನ ಕಾರ್ಡ್ ಕಚೇರಿ, ವಿನ್ಯಾಸಕಾರರ ಕೋಣೆ ನೋಡದೆ ಇಳಿದು ಹೋಗುತ್ತಾರೆ. ಮೊದಲು ಮೇಲೆ ಹೋಗಿ.

1928ರ ಡಿಸೆಂಬರ್‌ನಲ್ಲಿ ಹೊರಬಂದ ಡ್ಯೂಸೆನ್‌ಬರ್ಗ್ ಮಾಡೆಲ್ ಜೆ ಎದುರು ನಿಂತಾಗ ಮೊದಲು ಎಂಜಿನ್ ನೋಡಿ. ಒಟ್ಟು 6.9 ಲೀಟರಿನ ಎಂಟು ಸಿಲಿಂಡರು ಒಂದೇ ಸಾಲಿನಲ್ಲಿ, ಪ್ರತಿಯೊಂದಕ್ಕೂ ನಾಲ್ಕು ವಾಲ್ವ್, ಮೇಲೆ ಆ ವಾಲ್ವ್ ತೆರೆಯುವ ಎರಡು ಕ್ಯಾಮ್‌ಶಾಫ್ಟ್, ಕಂಪನಿ ಹೇಳಿದ ಶಕ್ತಿ 265 ಅಶ್ವಶಕ್ತಿ. ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಫ್ರೆಡ್ ಡ್ಯೂಸೆನ್‌ಬರ್ಗ್ ವಿನ್ಯಾಸ, ಎರಕ ಹೊಯ್ದು ಕಟ್ಟಿದ್ದು ಕಾರ್ಡ್‌ನದೇ ಲೈಕಮಿಂಗ್ ಕಾರ್ಖಾನೆ. ಆಮೇಲೆ ಡ್ಯಾಷ್‌ಬೋರ್ಡಿಗೆ ಬಗ್ಗಿ: 150 ಮೈಲಿವರೆಗಿನ ಸ್ಪೀಡೊಮೀಟರ್, ಎತ್ತರ ತೋರಿಸುವ ಮೀಟರ್, ಆಯಿಲ್ ಬದಲಿಸಿ, ಬ್ಯಾಟರಿಗೆ ನೀರು ನೋಡಿ ಎಂದು ನೆನಪಿಸುವ ಪುಟ್ಟ ದೀಪಗಳು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಗಿಯರ್ ಹಲ್ಲುಗಳ ಲೆಕ್ಕದಲ್ಲೇ ಈ ದೀಪ ಹತ್ತುತ್ತಿದ್ದವು. ಇಷ್ಟು ಚೆಂದದ ಕೆಲಸ ಆ ಕಾಲದ ಬೇರೆ ಕಾರಿನಲ್ಲಿ ಕಾಣುವುದು ಕಷ್ಟ.

ಬಾನೆಟ್ ಪಕ್ಕದಿಂದ ಹೊರಬಂದ ಹೊಳೆಯುವ ಪೈಪುಗಳನ್ನು ಕಂಡಾಕ್ಷಣ ಇದು ಸೂಪರ್‌ಚಾರ್ಜರ್ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಏರಿಸುವ ಸಾಧನ) ಇರುವ ಎಸ್‌ಜೆ ಎಂದು ತೀರ್ಮಾನಿಸಬೇಡಿ. ಅಂದಕ್ಕಾಗಿ ಮಾಮೂಲಿ ಜೆಗೂ ಆಮೇಲೆ ಅವನ್ನು ಹಾಕಿಸಿಕೊಂಡವರಿದ್ದಾರೆ. ಫಲಕ ಓದಿ ಖಚಿತಪಡಿಸಿಕೊಳ್ಳಿ. ಒಂದು ಜೆ ಇನ್ನೊಂದರಂತೆ ಇರುವುದೂ ಇಲ್ಲ. ನಮ್ಮಲ್ಲಿ ಲಾರಿ ಚಾಸಿಸ್ ಕೊಂಡು ಬಾಡಿ ಕಟ್ಟಿಸುವ ಹಾಗೆಯೇ ಇದನ್ನೂ ಕೊಳ್ಳುತ್ತಿದ್ದರು. ಬರೀ ಚಾಸಿಸ್‌ಗೇ 8,500 ಡಾಲರ್, ಬಾಡಿ ಕಟ್ಟಿಸಲು ಬೇರೆ ದುಡ್ಡು. ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ ತಮ್ಮ ಎಸ್‌ಜೆಗೆ ಲಂಡನ್ನಿನ ಗರ್ನಿ ನಟಿಂಗ್ ಕಂಪನಿಯಲ್ಲಿ ಬಾಡಿ ಕಟ್ಟಿಸಿದರು.

ವರ್ಷಕ್ಕೆ 500 ಜೆ ಕಾರು ಮಾರುವ ಲೆಕ್ಕಾಚಾರವಿತ್ತು. ವರ್ಷ ತುಂಬುವ ಮೊದಲೇ ಷೇರುಪೇಟೆ ಕುಸಿಯಿತು, ಕೊನೆವರೆಗೂ ತಯಾರಾದದ್ದು ಒಟ್ಟು 480ರ ಆಸುಪಾಸು. 1932ರಲ್ಲಿ ಫ್ರೆಡ್ ಅಪಘಾತದ ಪೆಟ್ಟಿನಿಂದ ತೀರಿಕೊಂಡರು. ಕಾರ್ಡ್ ತನ್ನ ಹೆಸರಿನಲ್ಲೇ ತಯಾರಿಸಿದ ‘ಕಾರ್ಡ್ 810’ ಕಾರುಗಳನ್ನು 1935ರ ನವೆಂಬರ್ ಪ್ರದರ್ಶನಕ್ಕೆ ಅವಸರದಲ್ಲಿ ತಂದಾಗ ಅವುಗಳ ಗಿಯರ್‌ಬಾಕ್ಸೇ ಸಿದ್ಧವಿರಲಿಲ್ಲ. ಮುಂಗಡ ಕೊಟ್ಟವರು ತಿಂಗಳುಗಟ್ಟಲೆ ಕಾದು ಬೇಸತ್ತರು. ಆ ಕಾರಿನ ಮಡಚುವ ಹೆಡ್‌ಲೈಟನ್ನು ಒಳಗಿನಿಂದ ಕೈಯಲ್ಲಿ ತಿರುಗಿಸಿ ಎತ್ತುವ ಹಿಡಿಕೆಗಳು ಡ್ಯಾಷ್‌ಬೋರ್ಡಿನ ಎರಡೂ ತುದಿಯಲ್ಲಿವೆ, ಹುಡುಕಿ ನೋಡಿ. 1937ರಲ್ಲಿ ಕಾರ್ಡ್ ತನ್ನ ಪಾಲು ಮಾರಿದ, ಆ ವರ್ಷ ಮುಗಿಯುವುದರೊಳಗೆ ಆಬರ್ನ್, ಕಾರ್ಡ್, ಡ್ಯೂಸೆನ್‌ಬರ್ಗ್ ಮೂರೂ ಹೆಸರಿನ ಕಾರುಗಳು ನಿಂತವು.

ಪಕ್ಕದ ಟ್ರಕ್ ಮ್ಯೂಸಿಯಂಗೆ ಸಮಯ ಉಳಿದರೆ ಹೋಗಿ, ಇಲ್ಲದಿದ್ದರೆ ಬಿಟ್ಟರೂ ನಷ್ಟವಿಲ್ಲ.

ಊಟಕ್ಕೆ ಫೋರ್ಟ್ ವೇನ್‌ಗೇ ಬನ್ನಿ. ಬರ್ಮಾದಿಂದ ಬಂದು ನೆಲೆಸಿದವರು ಅಲ್ಲಿ ಬಹಳ, ಅವರ ಪುಟ್ಟ ಹೋಟೆಲುಗಳು ಅಗ್ಗ, ರುಚಿಯೂ ನಮ್ಮ ನಾಲಿಗೆಗೆ ಹತ್ತಿರ. ಸಮೋಸ ಮುರಿದು ಎಲೆಕೋಸು, ಈರುಳ್ಳಿ, ಹುಣಸೆಹುಳಿ ಜೊತೆ ಕಲಸಿ ಕೊಡುವ ಸಲಾಡ್, ಕಡಲೆಹಿಟ್ಟಿನ ತೋಫು, ತೆಂಗಿನಹಾಲಿನ ಸಾರಿನಲ್ಲಿ ಬರುವ ನೂಡಲ್ಸ್. ಹೆದ್ದಾರಿಯ ಬರ್ಗರ್ ತಿಂದು ಬೇಸತ್ತವರಿಗೆ ಮೊದಲ ತುತ್ತಿಗೇ ಜೀವ ಬರುತ್ತದೆ. ಚಹಾ ಎಲೆಯ ಸಲಾಡ್‌ನಲ್ಲಿ ಒಣ ಸೀಗಡಿ, ಸಾರಿನಲ್ಲಿ ಮೀನಿನ ಸಾಸ್ ಇರುವುದು ಸಾಮಾನ್ಯ. ಸಸ್ಯಾಹಾರಿಗಳು ಆರ್ಡರ್ ಮಾಡುವಾಗಲೇ ಎರಡೂ ಬೇಡವೆಂದು ಹೇಳಿ. ತಟ್ಟೆ ಬಂದ ಮೇಲೆ ಅದನ್ನು ಬೇರ್ಪಡಿಸಲಾಗದು.