ಎಡಕುಮೇರಿಯಿಂದ ಸಂಸಾರ ಹೊತ್ತು ಹೊರಟ ರೈಲು

ಸಕಲೇಶಪುರ ಘಾಟಿಯಲ್ಲಿ ಮೀಟರ್ ಗೇಜ್ ರೈಲು, ಅಂದರೆ ಒಂದು ಮೀಟರ್ ಅಗಲದ ಹಳಿ ಮೇಲೆ ಓಡುತ್ತಿದ್ದ ರೈಲು, ನಿಂತದ್ದು 1996ರಲ್ಲಿ. ಅದರ ಕೊನೆಯ ದಿನ ಕಂಡವರನ್ನೆಲ್ಲಾ ಒಂದು ಕಡೆ ಕೂರಿಸಿ ಮಾತಾಡಿಸಬೇಕು ಅಂತ ನಮ್ಮ ರೈಲು ಹುಚ್ಚಿನ ಗೆಳೆಯರ ಗುಂಪಿಗೆ ಬಹಳ ದಿನದ ಆಸೆ. ಈ ಸಲ ಮಳೆ ಹಿಂದಾದ ಮೇಲೆ ಅದು ಕೂಡಿಬಂತು. ಬೋಗಿ ಲೆಕ್ಕ, ಹಾರ್ನ್ ಸದ್ದು, ಇಂಜಿನ್ನಿನ ಕಥೆ ಎಲ್ಲವೂ ಹೊಟ್ಟೆ ತುಂಬಾ ಸಿಕ್ಕವು. ಆದರೆ ಊರಿಗೆ ಬಂದ ಮೇಲೂ ನನ್ನ ತಲೆಯಲ್ಲಿ ಸುತ್ತುತ್ತಿರುವುದು ಒಬ್ಬ ಕೀಮ್ಯಾನ್, ಅಂದರೆ ಹಳಿ ಉದ್ದಕ್ಕೂ ನಡೆದು ತಪಾಸಣೆ ಮಾಡುವ ರೈಲ್ವೆ ಕೆಲಸಗಾರ, ಅವರ ಹೆಂಡತಿ ಹೇಳಿದ್ದು. ಅದನ್ನು ಹೇಳೋಕೇ ಇದನ್ನು ಬರೆಯುತ್ತಿದ್ದೇನೆ.

ಹಾಸನದಿಂದ ಆಲೂರು, ಬಾಳ್ಳುಪೇಟೆ ದಾಟಿ ಸಕಲೇಶಪುರದವರೆಗಿನ ದಾರಿ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಗದ್ದೆ, ಅಡಿಕೆ, ಆಮೇಲೆ ಕಾಫಿ ತೋಟ. ಸಕಲೇಶಪುರದಲ್ಲಿ ಹೇಮಾವತಿ ಸಿಗುತ್ತಾಳೆ. ಇಲ್ಲಿಯ ನೀರು ಗೊರೂರು ಅಣೆಕಟ್ಟಿಗೆ ಹೋಗಿ, ಕಾವೇರಿ ಸೇರಿ, ಬಂಗಾಳ ಕೊಲ್ಲಿ ಕಡೆ ಹೋಗುತ್ತದೆ. ಸ್ವಲ್ಪ ಮುಂದೆ ಘಾಟಿ ಇಳಿದರೆ ಅಲ್ಲಿಯ ನೀರು ಕುಮಾರಧಾರಾ ಸೇರಿ ಅರಬ್ಬಿ ಸಮುದ್ರದ ಪಾಲು. ಈ ಬೆಟ್ಟದ ಏಣು ದಾಟಿ ರೈಲು ಇಳಿಸಬೇಕು ಅಂತ ಹೊರಟವರ ಧೈರ್ಯಕ್ಕೆ ನಾನು ಪ್ರತಿ ಸಲವೂ ಕೈ ಮುಗಿಯುತ್ತೇನೆ.

ಉಳಿದುಕೊಳ್ಳೋ ವಿಷಯಕ್ಕೆ ಒಂದು ಮಾತು. ನಾವು ಹಿಡಿದ ಹೋಮ್‌ಸ್ಟೇಯವರು ಫೋನಿನಲ್ಲಿ "ಸ್ಟೇಷನ್ನಿಂದ ಹತ್ತೇ ನಿಮಿಷ ಸಾರ್" ಅಂದಿದ್ದರು. ಅದು ಇದ್ದದ್ದು ಗುಡ್ಡದ ಆಚೆ, ಕಿತ್ತುಹೋದ ರಸ್ತೆಯ ಕೊನೆಯಲ್ಲಿ. ಜೀಪಿಗೆ ಬೇರೆ ದುಡ್ಡು. ಬೆಳಿಗ್ಗೆ ಆ ಜೀಪೂ ತಡವಾಗಿ ಬಂದು, ನಾವು ಪ್ಲಾಟ್‌ಫಾರ್ಮ್ ಮೇಲೆ ಓಡಿ ರೈಲು ಹತ್ತಬೇಕಾಯಿತು. ನಮ್ಮ ಜೊತೆ ವಯಸ್ಸಾದವರಿದ್ದರು. ಅವರನ್ನು ಹಾಗೆ ಓಡಿಸಿದ್ದಕ್ಕೆ ಇವತ್ತಿಗೂ ಸಿಟ್ಟಿದೆ. ರೈಲಿಗಾಗಿ ಸಕಲೇಶಪುರಕ್ಕೆ ಹೋಗುವವರು ಪೇಟೆಯೊಳಗಿನ ಲಾಡ್ಜ್ ಹಿಡಿಯಿರಿ. ನೋಟ ಇರಲ್ಲ, ಆದರೆ ನಡೆದು ಸ್ಟೇಷನ್ ಸೇರಬಹುದು. ಹೋಮ್‌ಸ್ಟೇ ಬೇಕೇ ಬೇಕು ಅಂದರೆ ಎಷ್ಟು ಕಿಲೋಮೀಟರ್ ಅಂತ ಕೇಳಿ, ಎಷ್ಟು ನಿಮಿಷ ಅಂತ ಕೇಳಬೇಡಿ.

ಮಾತುಕತೆ ನಡೆದದ್ದು ಗೆಳೆಯರೊಬ್ಬರ ತೋಟದ ಮನೆಯ ಜಗಲಿಯಲ್ಲಿ. ಅಕ್ಕಿ ರೊಟ್ಟಿ, ಕಾಯಿ ಚಟ್ನಿ, ಬೆಲ್ಲದ ಕಾಫಿ. ಅಲ್ಲಿದ್ದವರಲ್ಲಿ ಒಬ್ಬರು ಆಗ ಗಾರ್ಡ್ ಆಗಿದ್ದವರು. ಇನ್ನೊಬ್ಬರು ಅಸಿಸ್ಟೆಂಟ್ ಡ್ರೈವರ್ ಆಗಿದ್ದವರು. ಮೂರನೆಯವರು ಘಾಟಿ ನಡುವಿನ ಎಡಕುಮೇರಿ ಸ್ಟೇಷನ್ನಿನಲ್ಲಿ ಕೀಮ್ಯಾನ್ ಆಗಿದ್ದವರು, ಜೊತೆಗೆ ಅವರ ಹೆಂಡತಿ. ಉಳಿದವರು ನಮ್ಮಂಥವರು.

ಗೊತ್ತಿಲ್ಲದವರಿಗೆ ಈ ಲೈನಿನ ಕಥೆ ಸ್ವಲ್ಪ ಹೇಳುತ್ತೇನೆ. ಹಾಸನದಿಂದ ಮಂಗಳೂರಿಗೆ ರೈಲು ದಾರಿಯ ಕೆಲಸ ಶುರುವಾದದ್ದು ಅರವತ್ತರ ದಶಕದಲ್ಲಿ. ಮುಗಿದು ರೈಲು ಓಡಿದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ಭಾಗ ಸುಮಾರು 55 ಕಿಲೋಮೀಟರ್. ಅದರಲ್ಲೇ 57 ಸುರಂಗ, 109 ಸೇತುವೆ. ಇಳಿಜಾರು 50ಕ್ಕೆ 1, ಅಂದರೆ 50 ಮೀಟರ್ ಹೋದರೆ 1 ಮೀಟರ್ ಕೆಳಗೆ. ರೈಲಿನ ಲೆಕ್ಕದಲ್ಲಿ ಇದು ಕಡಿದಾದ ಇಳಿಜಾರು. ಇಷ್ಟೆಲ್ಲಾ ಕಷ್ಟಪಟ್ಟು ಹಾಕಿದ ಮೀಟರ್ ಗೇಜ್ ಹಳಿ ಘಾಟಿಯಲ್ಲಿ ಬಾಳಿದ್ದು ಬರೀ 17 ವರ್ಷ. ಆಮೇಲೆ ಬ್ರಾಡ್ ಗೇಜ್, ಅಂದರೆ ಅಗಲ ಹಳಿ, ಮಾಡೋಕೆ ಅಂತ ಮುಚ್ಚಿದರು. 2006ರಲ್ಲಿ ಗೂಡ್ಸ್ ಓಡಿತು. ಪ್ಯಾಸೆಂಜರ್ ರೈಲು ಮತ್ತೆ ಬಂದದ್ದು 2007ರ ಡಿಸೆಂಬರ್‌ನಲ್ಲಿ. ನಡುವಿನ ಆ ವರ್ಷಗಳಲ್ಲಿ ಈ ದಾರಿಯಲ್ಲಿ ಓಡಾಡಿದ್ದು ಬೆನ್ನಿಗೆ ಚೀಲ ಹಾಕಿಕೊಂಡ ಚಾರಣಿಗರು. ನನಗೂ ಈ ಲೈನ್ ಮೊದಲು ಪರಿಚಯವಾದದ್ದು ಕಾಲಿನಿಂದಲೇ.

ಜಗಲಿಯಲ್ಲಿ ಮೊದಲು ಮಾತು ಇಂಜಿನ್ ಮೇಲೇ ಹೋಯಿತು. ವೈಡಿಎಂ-4 ಡೀಸೆಲ್ ಇಂಜಿನ್ ಘಾಟಿ ಹತ್ತುವಾಗ ಹೇಗೆ ಉಸಿರು ಬಿಡುತ್ತಿತ್ತು, ಇಳಿಯುವಾಗ ವ್ಯಾಕ್ಯೂಮ್ ಬ್ರೇಕನ್ನು ಎಷ್ಟು ಹುಷಾರಾಗಿ ಹಿಡಿಯಬೇಕಿತ್ತು, ಇದನ್ನೆಲ್ಲಾ ಅಸಿಸ್ಟೆಂಟ್ ಡ್ರೈವರ್ ಕೈ ಆಡಿಸಿ ತೋರಿಸಿದರು. ಕೀಮ್ಯಾನ್ ಪಟಾಕಿ ವಿಷಯ ತೆಗೆದರು. ಮುಂದೆ ಅಪಾಯ ಇದೆ ಅಂತ ಡ್ರೈವರಿಗೆ ತಿಳಿಸೋಕೆ ಹಳಿ ಮೇಲೆ ಕಟ್ಟುವ ಪಟಾಕಿ ಅದು. ಗಾಲಿ ಹತ್ತಿದರೆ ಢಂ ಅನ್ನುತ್ತದೆ. ಪ್ರತಿ ಕೀಮ್ಯಾನ್ ಕೈಲೂ ಲೆಕ್ಕದ ಪಟಾಕಿ ಇರುತ್ತವೆ. ಅವಧಿ ಮುಗಿದವು ಕೆಲವು ಉಳಿದಿದ್ದವಂತೆ. ಕೊನೆಯ ರೈಲಿಗೆ ಹಳಿ ರಿಪೇರಿ ಗ್ಯಾಂಗಿನವರು ಅವನ್ನು ಕಟ್ಟಿದರಂತೆ.

"ಗಾಡಿ ಬಿಟ್ಟಾಗ ಒಂದರ ಹಿಂದೆ ಒಂದು ಹೊಡೀತು ಸಾರ್. ಸುರಂಗದಿಂದ ವಾಪಸ್ ಸದ್ದು ಬಂತು. ಕಾಡೇ ಹೊಡೆದಂಗಾಯ್ತು."

ನಮ್ಮವರೆಲ್ಲಾ ಇದಕ್ಕೆ ಚಪ್ಪಾಳೆ ಹೊಡೆದರು. ಆ ಹೊತ್ತಿನಲ್ಲಿ ಕೀಮ್ಯಾನ್ ಅವರ ಹೆಂಡತಿ, ನಾವು ಅಮ್ಮ ಅನ್ನುತ್ತಿದ್ದವರು, ಬಾಯಿ ಬಿಟ್ಟರು. ಅಲ್ಲಿವರೆಗೂ ಅವರು ಸುಮ್ನೆ ರೊಟ್ಟಿ ತಟ್ಟೆ ಮುಂದೆ ಕೂತಿದ್ದರು.

"ಪಟಾಕಿ ಸದ್ದಿಗೆ ನನ್ನ ಕೋಳಿ ಎರಡು ಬುಟ್ಟಿ ಕಿತ್ತು ಹಾರಿಹೋದವು. ಅದ್ಯಾಕೆ ಹೇಳಲ್ಲ?"

ಯಾವ ಕೋಳಿ ಅಮ್ಮ ಅಂತ ಕೇಳಿದೆ. ಅಲ್ಲಿಂದ ಮುಂದೆ ನಾವು ಯಾರೂ ಇಂಜಿನ್ ಮಾತೆತ್ತಲಿಲ್ಲ.

ಎಡಕುಮೇರಿಗೆ ರಸ್ತೆ ಇಲ್ಲ. ಸುತ್ತ ಕಾಡು, ಕೆಳಗೆ ಹೊಳೆ, ನಡುವೆ ಸ್ಟೇಷನ್ನು, ಕ್ವಾರ್ಟರ್ಸು. ಅಕ್ಕಿ ಬರಬೇಕಾದರೂ ರೈಲು, ಸೀಮೆಎಣ್ಣೆ ಬರಬೇಕಾದರೂ ರೈಲು. ಮಕ್ಕಳ ಓದಿಗೆ ಊರಲ್ಲಿ ಅಜ್ಜಿ ಮನೆ. ಅವರ ಎರಡನೇ ಹೆರಿಗೆಗೆ ನೋವು ಶುರುವಾದದ್ದು ರಾತ್ರಿ. ಸ್ಟೇಷನ್ ಮಾಸ್ಟರ್ ಫೋನ್ ಮಾಡಿ ಗೂಡ್ಸ್ ಗಾಡಿ ನಿಲ್ಲಿಸಿದರು. ಗಾಡಿಯ ಕೊನೆಯಲ್ಲಿರುವ ಗಾರ್ಡಿನ ಬೋಗಿಯಲ್ಲಿ, ಅಂದರೆ ಬ್ರೇಕ್ ವ್ಯಾನಿನಲ್ಲಿ, ಗೋಣಿ ಹಾಸಿ ಮಲಗಿಸಿ ಸಕಲೇಶಪುರಕ್ಕೆ ತಂದರು. ಗಾರ್ಡ್ ದಾರಿ ಉದ್ದಕ್ಕೂ ಮುಖ ಆಚೆ ತಿರುಗಿಸಿ ಬಾಗಿಲಲ್ಲೇ ನಿಂತಿದ್ದರಂತೆ. "ಪುಣ್ಯಾತ್ಮ" ಅಂದರು ಅಮ್ಮ.

ಹೀಗಿರುವಾಗ ರೈಲು ನಿಲ್ಲಿಸುತ್ತಾರೆ ಅಂದರೆ ಅಲ್ಲಿ ಬದುಕೋದು ಹೇಗೆ? ಕೆಲವರನ್ನು ಸಾಮಾನು ಕಾಯೋಕೆ ಉಳಿಸಿಕೊಂಡರು. ಉಳಿದವರಿಗೆ ಬೇರೆ ಕಡೆ ವರ್ಗ. ಇವರಿಗೆ ಅರಸೀಕೆರೆ ಕಡೆ ಸಿಕ್ಕಿತು. ನಾವೆಲ್ಲಾ ಯಾವುದನ್ನು ಕೊನೆಯ ರೈಲು ಅಂತ ಆಸೆಯಿಂದ ಕೇಳುತ್ತಿದ್ದೆವೋ, ಅದು ಅವರಿಗೆ ಮನೆ ಖಾಲಿ ಮಾಡೋ ಗಾಡಿ. ಪಾತ್ರೆ, ಹಾಸಿಗೆ ಸುರುಳಿ, ಟ್ರಂಕು, ಕೋಳಿ ಬುಟ್ಟಿ, ಕುಂಡದಲ್ಲಿದ್ದ ತುಳಸಿ. ಒಂದು ಮನೆಯವರು ಆಡಿನ ಮರಿಯನ್ನೂ ಹತ್ತಿಸಿದರಂತೆ. ಯಾವ ಗಾರ್ಡೂ ಟಿಕೆಟ್ ಕೇಳಲಿಲ್ಲ.

"ಒರಳು ಕಲ್ಲೊಂದು ಬರಲಿಲ್ಲ ಕಣಪ್ಪಾ. ನಮ್ಮತ್ತೆ ಕೊಟ್ಟಿದ್ದು. ಸಾಲಗಾಮೆ ಹತ್ರ ನಮ್ಮೂರಿಂದ ಇದೇ ರೈಲಲ್ಲಿ ತಂದಿದ್ದೆ. ಇಬ್ಬರು ಹಿಡಿದರೂ ಏಳಲಿಲ್ಲ. ಗಾಡಿಗೆ ಹೊತ್ತಾಗಿತ್ತು. ಇವರು ಬಿಡು ಅಂದ್ರು. ಒಂದೆರಡು ವರ್ಷದಲ್ಲಿ ದೊಡ್ಡ ರೈಲು ಬರ್ತದೆ, ಆಗ ತರೋಣ ಅಂದ್ರು."

"ಆಗ ಎಲ್ಲರೂ ಹಂಗೇ ಹೇಳ್ತಿದ್ರಲ್ಲೇ" ಅಂದರು ಯಜಮಾನರು.

"ನಾನೇನು ನಿಮ್ಮನ್ನ ಬೈದ್ನಾ? ಬರಲಿಲ್ಲ ಅಂದೆ ಅಷ್ಟೇ."

ಪಕ್ಕದಲ್ಲಿದ್ದ ಗಾರ್ಡ್ ಎದ್ದು ಕಾಫಿ ಲೋಟ ಕೆಳಗಿಟ್ಟರು. ಅವತ್ತು ಎಡಕುಮೇರಿಯಲ್ಲಿ ಗಾಡಿಯನ್ನು ಬೇಕಂತಲೇ ತಡಮಾಡಿದ್ದು ತಾವು ಅಂದರು. ಮೂಟೆ ಹತ್ತಿ ಮುಗಿಯೋವರೆಗೂ ಹಸಿರು ಬಾವುಟ ತೋರಿಸಿರಲಿಲ್ಲ. ಇನ್ನೊಂದು ಕಲ್ಲು ಉಳಿದಿದೆ ಅಂತ ಯಾರಾದರೂ ಕೂಗಿದ್ದರೆ ಇನ್ನೂ ನಿಲ್ಲುತ್ತಿದ್ದೆ ಅಂದರು. ಅವರ ಗಂಟಲು ಕಟ್ಟಿತ್ತು. ಅಮ್ಮ ಅವರನ್ನೇ ನೋಡಿ, "ನೀವೇನಾ ಅವರು? ಮೀಸೆ ಇತ್ತಲ್ಲ ಆಗ" ಅಂದರು.

ಇಷ್ಟು ವರ್ಷ ರೈಲಿನ ಬಗ್ಗೆ ಓದಿದ್ದೇನೆ, ಫೋಟೋ ತೆಗೆದಿದ್ದೇನೆ, ಮುಚ್ಚಿದ ಲೈನಿನ ನಕ್ಷೆ ಇಟ್ಟುಕೊಂಡಿದ್ದೇನೆ. ಒಂದು ಲೈನ್ ಮುಚ್ಚಿದಾಗ ಊರೊಂದು ಖಾಲಿ ಆಗಬಹುದು ಅಂತ ಆವತ್ತಿನವರೆಗೂ ನನಗೆ ಹೊಳೆದಿರಲಿಲ್ಲ.

ಮಾರನೇ ದಿನ ಎಲ್ಲರೂ ಹಗಲು ರೈಲಿನಲ್ಲಿ ಕೆಳಗೆ ಇಳಿದೆವು. ನಮ್ಮ ಗುಂಪಿನ ಕೆಲವರು ವಿಸ್ಟಾಡೋಮ್ ಬೋಗಿ ಹಿಡಿದರು. 2021ರಿಂದ ಈ ದಾರಿಯಲ್ಲಿ ಗಾಜಿನ ಬೋಗಿ ಇದೆ. ನೋಡೋಕೆ ಚೆಂದ, ಕುರ್ಚಿ ಮೆತ್ತಗಿದೆ. ನನಗೆ ಮಾತ್ರ ಅದು ಹಿಡಿಸಲ್ಲ. ಗಾಜು ಮುಚ್ಚಿದ ಮೇಲೆ ಕಾಡಿನ ವಾಸನೆ ಇಲ್ಲ, ಸುರಂಗದ ತಣ್ಣನೆ ಗಾಳಿ ಇಲ್ಲ, ಬ್ರೇಕ್ ಹಿಡಿದಾಗಿನ ಸುಟ್ಟ ಕಬ್ಬಿಣದ ವಾಸನೆಯೂ ಇಲ್ಲ. ಘಾಟಿ ನೋಡಬೇಕಾದರೆ ಮಾಮೂಲಿ ಸೆಕೆಂಡ್ ಸಿಟ್ಟಿಂಗ್‌ನ ತೆರೆದ ಕಿಟಕಿಯೇ ಸರಿ. ಅಮ್ಮ, ಯಜಮಾನರ ಜೊತೆ ನಾನು ಅಲ್ಲೇ ಕೂತೆ.

ದೋಣಿಗಾಲ್ ದಾಟಿತು. ಮೇಲೆಲ್ಲೋ ಮಂಜರಾಬಾದ್ ಕೋಟೆ. ಕಡಗರವಳ್ಳಿ ಆದಮೇಲೆ ಸುರಂಗ ಎಣಿಸೋದನ್ನು ಮಕ್ಕಳೂ ಬಿಟ್ಟರು. ಗಂಟೆಗೆ 30 ಕಿಲೋಮೀಟರ್ ದಾಟುವಂತಿಲ್ಲ ಇಲ್ಲಿ. ಎದುರಿಗೆ ಹತ್ತಿ ಬರುವ ಗೂಡ್ಸ್‌ಗೆ ಹಿಂದಿನಿಂದಲೂ ತಳ್ಳೋ ಇಂಜಿನ್ ಇರುತ್ತದೆ. ಯಜಮಾನರು ಕಿಟಕಿಯಿಂದ ಹಳಿಯನ್ನೇ ನೋಡುತ್ತಿದ್ದರು. ಕಲ್ಲು ಜರಿದ ಕಡೆ ಕಟ್ಟಿರುವ ಹೊಸ ಗೋಡೆಗಳನ್ನು ತೋರಿಸಿದರು. 2024ರ ಜುಲೈಯಲ್ಲಿ ಕಡಗರವಳ್ಳಿ ಮತ್ತು ಎಡಕುಮೇರಿ ನಡುವೆ ಗುಡ್ಡ ಕುಸಿದು ರೈಲು ನಿಂತದ್ದು ಅವರಿಗೆ ಚೆನ್ನಾಗಿ ಗೊತ್ತಿತ್ತು. "ನಮ್ಮ ಕಾಲದಲ್ಲೂ ಮಳೆಗಾಲ ಬಂದ್ರೆ ರಾತ್ರಿಯೆಲ್ಲಾ ಲಾಟೀನು ಹಿಡ್ಕೊಂಡು ತಿರುಗೋದೇ. ಜಿಗಣೆ ಕಾಲು ತುಂಬಾ" ಅಂದರು.

ಎಡಕುಮೇರಿಯಲ್ಲಿ ರೈಲು ನಿಂತಿತು. ಯಾರನ್ನೂ ಹತ್ತಿಸೋಕಲ್ಲ, ಎದುರಿನ ಗಾಡಿಗೆ ದಾರಿ ಬಿಡೋಕೆ. ಅಮ್ಮ ಬಾಗಿಲ ಹತ್ತಿರ ಬಂದರು. ಹಿತ್ತಲು ಎಲ್ಲಿತ್ತು, ಬಟ್ಟೆ ಒಗೆಯೋ ಕಲ್ಲು ಎಲ್ಲಿತ್ತು, ಆನೆ ಬಂದು ಬಾಳೆ ತಿಂದದ್ದು ಎಲ್ಲಿ ಅಂತ ಕೈ ತೋರಿಸಿ ಹೇಳುತ್ತಾ ಹೋದರು. ಇಳಿಯೋಣ್ವಾ ಅಂತ ಯಾರೋ ಹುಡುಗ ಕೇಳಿದ. ಯಜಮಾನರು ಗದರಿದರು. ಅದು ಸರಿ ಕೂಡ. ಹಳಿ ಮೇಲೆ ನಡೆಯೋದು ಈಗ ಅಪರಾಧ. ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ 6 ತಿಂಗಳವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ ಆಗಬಹುದು. ಹಳೇ ಚಾರಣದ ಫೋಟೋ ನೋಡಿ ಈಗಲೂ ಹುಡುಗರು ಬರುತ್ತಾರೆ. ದಯವಿಟ್ಟು ಬೇಡ. ಸೇತುವೆ ಮೇಲೆ ರೈಲು ಬಂದರೆ ಪಕ್ಕಕ್ಕೆ ಸರಿಯೋಕೆ ಜಾಗ ಇಲ್ಲ.

ಆಮೇಲಿನದು ಬೇಗ ಮುಗಿಯಿತು. ಶಿರಿಬಾಗಿಲು, ನಂತರ ಸುಬ್ರಹ್ಮಣ್ಯ ರೋಡ್. ಈ ಸ್ಟೇಷನ್ ಇರೋದು ನೆಟ್ಟಣದಲ್ಲಿ. ಕುಕ್ಕೆ ದೇವಸ್ಥಾನ ಅಲ್ಲಿಂದ ಹತ್ತು-ಹನ್ನೆರಡು ಕಿಲೋಮೀಟರ್ ದೂರ. ದರ್ಶನ ಮುಗಿಸಿ ಬಸ್ಸಿನಲ್ಲಿ ಹಾಸನಕ್ಕೆ ವಾಪಸಾದೆವು.

ಬಸ್ಸಿನಲ್ಲಿ ಗಾರ್ಡಿಗೂ ಅಸಿಸ್ಟೆಂಟ್ ಡ್ರೈವರಿಗೂ ಜಗಳ ಹತ್ತಿಕೊಂಡಿತು. ಆ ಕೊನೆಯ ದಿನ ಎಡಕುಮೇರಿಯಲ್ಲಿ ಗಾಡಿ ಹತ್ತು ನಿಮಿಷ ನಿಂತಿತ್ತು ಅಂತ ಒಬ್ಬರು. ಅರ್ಧ ಗಂಟೆ ನಿಂತಿತ್ತು, ಕೆಳಗಿನ ಸ್ಟೇಷನ್ನಿನಿಂದ ಬೈಗುಳ ಕೇಳಿದ್ದು ನಾನು ಅಂತ ಇನ್ನೊಬ್ಬರು. ಹಾಸನ ಬಸ್ ಸ್ಟ್ಯಾಂಡ್ ಬಂದರೂ ತೀರ್ಮಾನ ಆಗಲಿಲ್ಲ. ಆ ದಿನ ಪ್ಲಾಟ್‌ಫಾರ್ಮ್ ಮೇಲೆ ಯಾರೋ ಒಬ್ಬ ಹುಡುಗ ಕ್ಯಾಮೆರಾ ಹಿಡಿದು ಓಡಾಡುತ್ತಿದ್ದ ಅನ್ನೋದನ್ನು ಮಾತ್ರ ಇಬ್ಬರೂ ಒಪ್ಪಿದರು. ಆ ಹುಡುಗ ಈಗ ನಡುವಯಸ್ಸು ದಾಟಿರಬೇಕು. ಇದನ್ನು ಓದುತ್ತಿರುವವರ ಮನೆಯಲ್ಲಿ, ನೆಂಟರ ಮನೆಯಲ್ಲಿ 1996ರ ಘಾಟಿ ರೈಲಿನ ಹಳೇ ಫೋಟೋ ಇದ್ದರೆ ಒಮ್ಮೆ ತೆಗೆದು ನೋಡಿ. ಇಂಜಿನ್ ಅರ್ಧ ಕಟ್ ಆಗಿದ್ದರೂ ಪರವಾಗಿಲ್ಲ. ಬಾಗಿಲಲ್ಲಿ ಮೂಟೆ, ಟ್ರಂಕು, ಕೋಳಿ ಬುಟ್ಟಿ ಕಂಡರೆ ನನಗೆ ತಿಳಿಸಿ. ಅಮ್ಮನಿಗೆ ಅದರದೊಂದು ಪ್ರತಿ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ.