ಐಸ್‌ಲ್ಯಾಂಡಿನ ಬಿರುಕುಗಳ ದಾರಿಯಲ್ಲಿ

ರೇಕ್ಯವಿಕ್‌ನಿಂದ ಥಿಂಗ್‌ವೆಟ್ಲಿರ್‌ಗೆ ಕಾರಿನಲ್ಲಿ ಮುಕ್ಕಾಲು ಗಂಟೆ ದಾರಿ. ಮರಗಳು ಕಡಿಮೆ, ಪಾಚಿ ಹಿಡಿದ ಲಾವಾ ಕಲ್ಲೇ ಜಾಸ್ತಿ. ಅಲ್ಮನ್ನಗ್ಯಾ ಅನ್ನುವ ಕಮರಿಗೆ ಇಳಿದರೆ ಪಕ್ಕದಲ್ಲೇ ಗೋಡೆಯಂತೆ ನಿಂತ ಕಪ್ಪು ಬಂಡೆ. ಕ್ರಿ.ಶ. 930ರಿಂದ ಇಲ್ಲಿನ ಜನ ಸಭೆ ಸೇರಿ ಕಾನೂನು ಮಾಡುತ್ತಿದ್ದದ್ದು ಈ ಜಾಗದಲ್ಲೇ.

ಉತ್ತರ ಅಮೆರಿಕ ಮತ್ತು ಯುರೇಷ್ಯದ ಭೂಫಲಕಗಳು (ಖಂಡಗಳನ್ನೂ ಕಡಲತಳವನ್ನೂ ಹೊತ್ತ, ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡುಗಳು) ವರ್ಷಕ್ಕೆ ಸುಮಾರು 2 ಸೆಂ.ಮೀ.ನಷ್ಟು ದೂರ ಸರಿಯುತ್ತಿರುವುದು ಈ ದ್ವೀಪದ ಮೂಲಕವೇ. ಒಂದು ಕೈ ಅಮೆರಿಕಕ್ಕೆ, ಇನ್ನೊಂದು ಯುರೋಪಿಗೆ ಅಂತ ಫೋಟೊ ತೆಗೆಸಿಕೊಳ್ಳುವವರು ಇಲ್ಲಿ ಬಹಳ. ಅದು ಸುಮ್ನೆ ತಮಾಷೆ. ಗಡಿ ಒಂದು ಗೆರೆಯಲ್ಲ, ಕೆಲವು ಕಿ.ಮೀ. ಅಗಲಕ್ಕೆ ಕುಸಿದ ಬಯಲು, ಅದರ ಮೈತುಂಬ ಬಿರುಕು.

ಖಂಡಗಳು ಚಲಿಸುತ್ತವೆ ಎಂದು 1912ರಲ್ಲಿ ಹೇಳಿದ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಅದೇ ವರ್ಷ ಐಸ್‌ಲ್ಯಾಂಡಿಗೂ ಬಂದಿದ್ದರು. ಗ್ರೀನ್‌ಲ್ಯಾಂಡಿಗೆ ಹೋಗುವ ಮೊದಲು ಕುದುರೆಗಳ ಜೊತೆ ವಾಟ್ನಯೋಕುಲ್ ಹಿಮರಾಶಿ ದಾಟಿ ನೋಡಿದ್ದರು. ಅವರು ಹವಾಮಾನ ವಿಜ್ಞಾನಿ. ಭೂವಿಜ್ಞಾನಿಗಳು ಕೇಳಿದ್ದು ಒಂದೇ: ಇಷ್ಟು ದೊಡ್ಡ ಖಂಡವನ್ನು ತಳ್ಳುವ ಬಲ ಯಾವುದು? ಭೂಮಿಯ ತಿರುಗುವಿಕೆ, ಚಂದ್ರ ಸೂರ್ಯರ ಸೆಳೆತ ಎಂದರು ವೆಗೆನರ್. ಲೆಕ್ಕ ಹಾಕಿದರೆ ಆ ಬಲ ಏನೇನೂ ಸಾಲದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಾರಣ ಗೊತ್ತಿಲ್ಲ ಅಂತ ಚಲನೆಯನ್ನೇ ಅಲ್ಲಗಳೆದದ್ದು ಅತಿಯಾಯಿತು, ಅಲ್ವಾ? 1930ರಲ್ಲಿ ಅವರು ಗ್ರೀನ್‌ಲ್ಯಾಂಡಿನ ಹಿಮದಲ್ಲೇ ತೀರಿಕೊಂಡರು.

ಮರುದಿನ ನೈಋತ್ಯದ ರೇಕ್ಯನೆಸ್‌ಗೆ ಹೋದೆವು. ಅಲ್ಲಿ ಬಿರುಕಿನ ಮೇಲೆ ಕಟ್ಟಿದ 'ಖಂಡಗಳ ನಡುವಿನ ಸೇತುವೆ' ಇದೆ. ಕಾಲುಸೇತುವೆ, ಒಂದು ನಿಮಿಷದಲ್ಲಿ ಮುಗಿಯಿತು. ನನಗೆ ಹಿಡಿಸಿದ್ದು ದೀಪಸ್ತಂಭದ ಬಳಿಯ ಕಡಲು. ಅಟ್ಲಾಂಟಿಕ್ ತಳದ ಬೆಟ್ಟಸಾಲು ನೆಲಕ್ಕೆ ಹತ್ತುವುದು ಇಲ್ಲೇ. 1963ರಲ್ಲಿ ಈ ಕಡಲಿನ ಮೇಲೆ ಅಮೆರಿಕದ ವಿಮಾನವೊಂದು ಸಾಲು ಸಾಲಾಗಿ ಹಾರಿ ತಳದ ಕಲ್ಲಿನ ಕಾಂತಗುಣ ಅಳೆಯಿತು. ಬೆಟ್ಟಸಾಲಿನ ನಡುವಿನಿಂದ ಮೇಲೆ ಬಂದ ಲಾವಾ ತಣ್ಣಗಾಗುವಾಗ ಆಗಿನ ಕಾಂತದಿಕ್ಕು ಅದರಲ್ಲಿ ಉಳಿದುಬಿಡುತ್ತದೆ. ಭೂಮಿಯ ಕಾಂತಧ್ರುವಗಳು ಆಗಾಗ ಅದಲುಬದಲಾಗುತ್ತವೆ. ಹಾಗಾಗಿ ಹೊಸ ಕಲ್ಲು ಎಡಕ್ಕೂ ಬಲಕ್ಕೂ ಸರಿಯುತ್ತಾ ತಳ ಹರಡುತ್ತಿದ್ದರೆ ಬೆಟ್ಟಸಾಲಿನ ಎರಡೂ ಕಡೆ ಒಂದೇ ಥರದ ಪಟ್ಟೆ ಇರಬೇಕು. ಬ್ರಿಟನ್ನಿನ ಭೂವಿಜ್ಞಾನಿಗಳಾದ ವೈನ್ ಮತ್ತು ಮ್ಯಾಥ್ಯೂಸ್ ಅದೇ ವರ್ಷ ಹೀಗೆಂದು ಬರೆದಿದ್ದರು. 1966ರಲ್ಲಿ ಇಲ್ಲಿನ ನಕ್ಷೆ ಪ್ರಕಟವಾದಾಗ ಪಟ್ಟೆಗಳು ಎಡಬಲ ಕನ್ನಡಿ ಹಿಡಿದಂತಿದ್ದವು! ಖಂಡಗಳು ಚಲಿಸುತ್ತವೆ ಎಂದು ಒಂದೆರಡು ವರ್ಷದಲ್ಲಿ ಹೆಚ್ಚಿನ ವಿಜ್ಞಾನಿಗಳು ಒಪ್ಪಿದರು.

ಸಾವಿರ ವರ್ಷ ಜನ ಬಿರುಕಿನ ಪಕ್ಕದಲ್ಲೇ ಬದುಕಿದರು. ಪುರಾವೆ ಸಿಕ್ಕಿದ್ದು ಮಾತ್ರ ಕಣ್ಣಿಗೆ ಕಾಣದ ತಳದಲ್ಲಿ. ನೀವು ಹೋದರೆ, ಸಮಯ ಕಡಿಮೆಯಿದ್ದರೆ ಸೇತುವೆ ಬಿಡಿ, ದೀಪಸ್ತಂಭದ ಕಡೆ ಹೋಗಿ. ಗಾಳಿ ತಡೆಯುವ ದಪ್ಪ ಜಾಕೆಟ್ ಮರೆಯಬೇಡಿ.